ಎರಡೂ ಎಡಗಡೆಯವು

ಕೂತರೆ ಸೊಂಟದ ಹಿಂದೆ ಬಾಯಿ ಬಿಡದ ಜೀನ್ಸ್ ನನಗೆ ಇವತ್ತಿನವರೆಗೂ ಅಂಗಡಿಯಲ್ಲಿ ಸಿಕ್ಕಿಲ್ಲ. ನನ್ನ ಸೊಂಟ 32 ಇಂಚು, ಸೀಟು, ಅಂದರೆ ಹಿಂಭಾಗದ ಸುತ್ತಳತೆ, 42. ಸೀಟಿಗೆ ಸರಿಹೋಗುವ ಪ್ಯಾಂಟ್ ತಗೊಂಡರೆ ಸೊಂಟ 34 ಇರುತ್ತದೆ. ಹಿಂದೆ ನಾಲ್ಕು ಬೆರಳು ಸಲೀಸಾಗಿ ತೂರುತ್ತವೆ. ಬೆಲ್ಟ್ ಬಿಗಿದರೆ ಗೋಣಿಚೀಲದ ಬಾಯಿ ಕಟ್ಟಿದ ಹಾಗೆ ಬಟ್ಟೆಯೆಲ್ಲ ಮುದುಡಿಕೊಳ್ಳುತ್ತದೆ. ನೆಲದ ಮೇಲೆ ಕೂತಾಗಲೆಲ್ಲ ಒಂದು ಕೈ ಹಿಂದೆಯೇ, ಟಾಪು ಎಳೆದುಕೊಳ್ಳುವುದಕ್ಕೆ.

ಹೋದ ಸಲ ಬಳ್ಳಾರಿಯಿಂದ ಬಂದ ಅತ್ತಿಗೆ ಒಂದೂವರೆ ಮೀಟರ್ ಡೆನಿಮ್ ತಂದುಕೊಟ್ಟರು. ಬಳ್ಳಾರಿ ಜೀನ್ಸ್ ಗೊತ್ತಲ್ಲ, ಅಲ್ಲಿ ಕತ್ತರಿಸುವವರು ಬೇರೆ, ಹೊಲಿಯುವವರು ಬೇರೆ, ಒಗೆದು ಬಣ್ಣ ತೆಗೆಯುವವರು ಬೇರೆ. ನಾನೇ ಹೊಲಿತೀನಿ ಅಂದಾಗ ಅತ್ತಿಗೆ ನಕ್ಕರು. "ನಿನ್ನೊಬ್ಬಾಕಿ ಕೈಲೆ ಆಗಂಗಿಲ್ಲ ಬಿಡು. ಒಂದು ಪ್ಯಾಂಟು ಏಳೆಂಟು ಕೈ ದಾಟಬೇಕು" ಅಂದರು. ಆ ಮಾತು ಕೇಳಿದ ಮೇಲಂತೂ ಬಿಡೋದು ಹೇಗೆ?

ಮೊದಲು ಬಟ್ಟೆಯನ್ನು ಎರಡು ಸಲ ನೆನೆಸಿ ಒಗೆದೆ. ಬಕೆಟ್ ನೀರೆಲ್ಲ ನೀಲಿ. ಒಣಗಿದ ಮೇಲೆ ಟೇಪು ಹಿಡಿದರೆ ಉದ್ದದಲ್ಲಿ ಒಂದೂವರೆ ಇಂಚು ಕುಗ್ಗಿತ್ತು. ಒಗೆಯದೆ ಹೊಲಿದಿದ್ದರೆ ಮೊದಲ ಒಗೆತಕ್ಕೇ ಪ್ಯಾಂಟು ಕಣಕಾಲಿನ ಮೇಲೆ ಹೋಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದದ್ದೇ ಹಾಲ್‌ನಲ್ಲಿ ಪೇಪರ್ ಹಾಸಿದೆ. ಹಳೆಯ ಜೀನ್ಸ್ ಒಂದರ ಹೊಲಿಗೆ ಬಿಚ್ಚಿ, ಒಂದೊಂದೇ ತುಂಡನ್ನು ಇಸ್ತ್ರಿ ಮಾಡಿ, ಪೇಪರಿನ ಮೇಲಿಟ್ಟು ಸುತ್ತ ಗೆರೆ ಎಳೆದೆ. ತೊಡೆ, ಮಂಡಿ ಎಲ್ಲ ಅದರಲ್ಲಿ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಸೊಂಟವೊಂದೇ. ಎರಡಿಂಚು ತಾನೆ, ಪಕ್ಕದ ಹೊಲಿಗೆಯಲ್ಲಿ ಒಳಗೆ ಹಿಡಿದರಾಯಿತು ಅಂದುಕೊಂಡೆ. ಹಳೆಯ ಬೆಡ್‌ಶೀಟ್ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿದೆ. ಮುಂದಿನ ಜೇಬುಗಳು ಕಿವಿಯಂತೆ ಅರಳಿ ನಿಂತವು. ಪಕ್ಕದ ಹೊಲಿಗೆ ಹಿಂದಕ್ಕೆ ಓಡಿತ್ತು. ಕೂತರೆ ಹಿಂದಿನ ಬಾಯಿ ಇನ್ನೂ ಹಾಗೇ ಇದೆ!

ಅಮ್ಮ ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೂವತ್ತು ವರ್ಷ ಬೀದಿಯವರಿಗೆಲ್ಲ ಬ್ಲೌಸ್ ಹೊಲಿದವರು. ಪ್ಯಾಂಟು ಹೊಲಿದವರಲ್ಲ. ನನ್ನನ್ನು ಒಮ್ಮೆ ತಿರುಗಿಸಿ ನೋಡಿ, "ಉಬ್ಬಿರೋದು ಹಿಂದೆ, ನೀನು ಪಕ್ಕದಲ್ಲಿ ಹಿಡಿದ್ರೆ ಆಗುತ್ತೇನೆ? ಟಕ್ಸ್ ಎಲ್ಲಿದೆ ಇದಕ್ಕೆ?" ಅಂದರು.

ಟಕ್ಸ್ ಅಂದರೆ ಮೈಯ ಉಬ್ಬಿಗೆ ತಕ್ಕಂತೆ ಬಟ್ಟೆಯನ್ನು ಮೊನಚಾಗಿ ಮಡಚಿ ಹಿಡಿಯುವ ಹೊಲಿಗೆ. ಜೀನ್ಸಿಗೆ ಅದು ಇರುವುದಿಲ್ಲ. ಆದರೆ ಹಿಂದಿನ ಜೇಬುಗಳ ಮೇಲೆ, ಸೊಂಟಪಟ್ಟಿಯ ಕೆಳಗೆ, ನಡುವೆ ಇಳಿಮುಖವಾಗಿ ಸೇರುವ ಎರಡು ತುಂಡು ಇರುತ್ತವಲ್ಲ, ಯೋಕ್, ಅದರ ಹೊಲಿಗೆಯಲ್ಲೇ ಟಕ್ಸ್ ಅಡಗಿರುತ್ತದೆ. ಬ್ಲೌಸಿನ ಲೆಕ್ಕದಿಂದ ನೋಡಿದಾಗಲೇ ನನಗದು ಹೊಳೆದಿದ್ದು. ಯೋಕ್‌ನ ಪೇಪರನ್ನು ಮೇಲಂಚಿನಿಂದ ಕೆಳಗಿನವರೆಗೆ ಎರಡು ಕಡೆ ಸೀಳಿದೆ, ಕೆಳಗಂಚು ಮಾತ್ರ ಬಿಡಿಸಲಿಲ್ಲ. ಸೀಳಿದ ಕಡೆ ಕಾಲಿಂಚು ಕಾಲಿಂಚು ಒಂದರ ಮೇಲೊಂದು ಸರಿಸಿ ಅಂಟಿಸಿದೆ. ಮೇಲಂಚು ಅರ್ಧ ಇಂಚು ಕಿರಿದಾಯಿತು, ಕೆಳಗಂಚು ಇದ್ದಷ್ಟೇ ಇತ್ತು, ತುಂಡು ಬಾಗಿತು. ನಡುಹೊಲಿಗೆಯ ತುದಿಯಲ್ಲಿ ಇನ್ನರ್ಧ ಇಂಚು ಓರೆಯಾಗಿ ತೆಗೆದೆ. ಎರಡು ಬದಿ ಸೇರಿ ಎರಡಿಂಚು ಲೆಕ್ಕ ಮುಗಿಯಿತು. ಸೊಂಟಪಟ್ಟಿಯನ್ನೂ ನೇರ ಬಿಟ್ಟು ಬಾಗಿಸಿ ಬರೆದುಕೊಂಡೆ. ಬೆಡ್‌ಶೀಟಿನಲ್ಲಿ ಮತ್ತೆ ಹೊಲಿದು, ತೊಟ್ಟು, ಚಕ್ಕಳಮಕ್ಕಳ ಹಾಕಿ ಕೂತೆ. ಬೆರಳು ತೂರಲಿಲ್ಲ. ಅಮ್ಮನಿಗೆ ಎರಡು ಸಲ ಕೂತು ತೋರಿಸಿದೆ.

ಊಟವಾದ ಮೇಲೆ ಡೆನಿಮ್ ಕತ್ತರಿಸಲು ಕೂತೆ. "ಬಟ್ಟೆ ಮಡಚಿ ಕತ್ತರಿಸು, ಜೋಡಿ ತಪ್ಪಲ್ಲ" ಅಂತ ಅಮ್ಮ ಹೇಳಿದ್ದರು. ದಪ್ಪ ಬಟ್ಟೆ, ಮಡಚಿದರೆ ಕೆಳಗಿನ ಪದರ ಜಾರುತ್ತದೆ ಅಂತ ವಾದ ಮಾಡಿ ಒಂದೇ ಪದರದಲ್ಲಿ ಬಿಡಿಬಿಡಿಯಾಗಿ ಕತ್ತರಿಸಿದೆ.

ಹೊಲಿಯುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ, ಸದ್ದು ಮಾತ್ರ ಜಾಸ್ತಿ. 14ನೇ ನಂಬರ್ ಸೂಜಿ ಜೇಬಿನ ಮೂಲೆಯಲ್ಲೇ ಟಪ್ ಅಂತ ಮುರಿಯಿತು. ಅದಕ್ಕಿಂತ ದಪ್ಪದ 16 ಹಾಕಿದ ಮೇಲೆ ಸರಿಹೋಯಿತು. ನಾಲ್ಕೈದು ಪದರ ಸೇರುವ ಕಡೆ ಕುಟ್ಟಾಣಿಯಿಂದ ಬಡಿದು ಚಪ್ಪಟೆ ಮಾಡಿದೆ. ಆದರೂ ಮೆಷಿನ್ ಪಾದ ಅಲ್ಲಿ ಹತ್ತುವಾಗ ಓರೆಯಾಗಿ ನಿಂತುಬಿಡುತ್ತಿತ್ತು. ಪಾದದ ಹಿಂದೆ ರಟ್ಟು ಮಡಚಿಟ್ಟು ಎತ್ತರ ಸಮ ಮಾಡಿಕೊಂಡೆ. ಜೇಬಿನ ಮೂಲೆ ಹರಿಯದ ಹಾಗೆ ಹೊಡೆಯುವ ತಾಮ್ರದ ಪುಟ್ಟ ಮೊಳೆ, ರಿವೆಟ್, ನನ್ನ ಹತ್ತಿರ ಇರಲಿಲ್ಲ. ಅದನ್ನು ಮೊದಲು ಪ್ಯಾಂಟಿಗೆ ಹೊಡೆದವನು ಅಮೆರಿಕದ ಟೈಲರ್ ಜೇಕಬ್ ಡೇವಿಸ್. ಪೇಟೆಂಟಿಗೆ ಒಬ್ಬನೇ ಹೋಗಲು ದುಡ್ಡಿಲ್ಲದೆ, ತನಗೆ ಬಟ್ಟೆ ಮಾರುತ್ತಿದ್ದ ಲೆವಿ ಸ್ಟ್ರಾಸ್‌ನನ್ನು ಜೊತೆಗೆ ಸೇರಿಸಿಕೊಂಡ. 1873ರಲ್ಲಿ ಪೇಟೆಂಟ್ ಸಿಕ್ಕಿತು. ಹೆಸರು ಯಾರದು ಉಳಿಯಿತು ನೋಡಿ! ಟೈಲರ್‌ಗಳ ಹಣೆಬರಹ ಎಲ್ಲ ಕಡೆ ಒಂದೇ ಅಂತ ಕಾಣುತ್ತದೆ. ನಾನು ರಿವೆಟ್ ಬದಲು ಅದೇ ಜಾಗದಲ್ಲಿ ನಾಲ್ಕು ಸಲ ಹಿಂದೆ ಮುಂದೆ ಹೊಲಿಗೆ ಓಡಿಸಿದೆ.

ರಾತ್ರಿ ಒಂಬತ್ತೂವರೆಗೆ ಯೋಕ್ ಕೂರಿಸುವ ಸರದಿ. ಎಡಗಾಲಿನದು ಚಂದವಾಗಿ ಕೂತಿತು. ಬಲಗಾಲಿನದು ಎಷ್ಟು ತಿರುಗಿಸಿದರೂ ಕೂರುತ್ತಿಲ್ಲ. ಅಗಲದ ತುದಿ ಪಕ್ಕಕ್ಕೆ ಹೋಗುತ್ತಿದೆ, ಕಿರಿದು ನಡುವಿಗೆ ಬರುತ್ತಿದೆ. ಎರಡೂ ಎಡಗಡೆಯವು! ಪೇಪರನ್ನು ಮಗುಚಿ ಹಾಕುವುದು ಮರೆತಿದ್ದೆ. ಉಳಿದಿದ್ದ ದೊಡ್ಡ ತುಂಡನ್ನೆಲ್ಲ ಆ ಬಾಗಿದ ಸೊಂಟಪಟ್ಟಿ ತಿಂದುಹಾಕಿತ್ತು.

ಅಮ್ಮ ಕನ್ನಡಕ ಏರಿಸಿ ತುಂಡನ್ನು ಬೆಳಕಿಗೆ ಹಿಡಿದರು. ಡೆನಿಮ್‌ನಲ್ಲಿ ಉದ್ದಕ್ಕೆ ಓಡುವ ಹಾಸಿನ ಎಳೆ ನೀಲಿ, ಅಡ್ಡಕ್ಕೆ ಓಡುವ ಹೊಕ್ಕಿನದು ಬಿಳಿ. ಹೊರಗಡೆ ನೀಲಿ ಜಾಸ್ತಿ ಕಂಡರೆ ಒಳಗಡೆ ಬಿಳಿ ಜಾಸ್ತಿ. "ಒಳಮೈ ಹೊರಗೆ ಮಾಡಿ ಹಾಕು, ಬಲಗಡೆಯದಾಗುತ್ತೆ. ನಿನ್ನ ಬೆನ್ನ ಹಿಂದೆ ಯಾರು ದೀಪ ಹಿಡ್ಕೊಂಡು ಬರ್ತಾರೆ?" ಅಂದರು. ಹಾಗೇ ಹಾಕಿದೆ. ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬೂದಿ ಬಳಿದ ಹಾಗೆ.

ಈಗ ವಾರಕ್ಕೆ ಎರಡು ಸಲ ಅದನ್ನೇ ಹಾಕುತ್ತೇನೆ. ಫೋಟೋ ಕಳಿಸಿದಾಗ ಅತ್ತಿಗೆ ಕೇಳಿದ್ದು ಒಂದೇ, "ಆ ಬಿಳಿ ತುಂಡು ಬೇಕಂತ ಹಾಕಿದ್ಯೋ?" ಹೌದು ಅಂದೆ.

ಮಾರನೇ ದಿನ ನೋಡಿದರೆ ನನ್ನ ಪೇಪರ್ ತುಂಡುಗಳು ಅಮ್ಮನ ಬ್ಲೌಸ್ ಅಳತೆಗಳ ಪಕ್ಕದ ಮೊಳೆಗೆ ನೇತುಬಿದ್ದಿದ್ದವು. ಒಂದೊಂದರ ಒಂದು ಮುಖದಲ್ಲಿ ಎಡ, ಇನ್ನೊಂದು ಮುಖದಲ್ಲಿ ಬಲ ಅಂತ ಕೆಂಪು ಪೆನ್ನಿನಲ್ಲಿ ದಪ್ಪಕ್ಕೆ ಬರೆದಿಟ್ಟಿದ್ದರು.