ತುಂಬ ಚೆನ್ನಾಗಿದೆ, ಆದರೆ ನನಗೆ ಬೇಡ

ಕೊನೆಯ ಗ್ಲಾಸ್ ಇಟಲಿಯ ಕೆಂಪು ವೈನ್ ಅಮರೋನೆ. ಶನಿವಾರದ ವೈನ್ ಟೇಸ್ಟಿಂಗ್‌ಗೆ ಬಂದವರೆಲ್ಲ ಕಾಯುತ್ತಿದ್ದದ್ದು ಅದಕ್ಕೇ. ಮೇಷ್ಟ್ರು (ವೈನ್ ಬಗ್ಗೆ ಹೇಳಿಕೊಡುವವರನ್ನು ನಾವು ಕರೆಯುವುದು ಹಾಗೇ) ಬಾಟಲಿಯನ್ನು ಮೊದಲೇ ತೆರೆದು ಗಾಳಿಯಾಡಲು ಬಿಟ್ಟಿದ್ದರು. ನನ್ನ ಪಕ್ಕ ಕೂತಿದ್ದ ಹೆಂಗಸು ಗ್ಲಾಸನ್ನು ತುಂಬ ಹೊತ್ತು ಮೂಸಿದರು. ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡರು. ಆಮೇಲೆ ಗ್ಲಾಸ್ ಕೆಳಗಿಟ್ಟರು.

"ತುಂಬ ಚೆನ್ನಾಗಿ ಮಾಡಿದ್ದಾರೆ ಸರ್. ಆದ್ರೆ ನಂಗೆ ಎರಡನೇ ಗುಟುಕು ಬೇಡ ಅನ್ನಿಸ್ತಿದೆ."

"ಹಾಗಾದ್ರೆ ನಿಮಗಿನ್ನೂ ಅರ್ಥ ಆಗಿಲ್ಲ ಮೇಡಂ. ಇನ್ನೊಂದು ಹತ್ತು ವರ್ಷ ಕುಡೀರಿ, ಆಗ ನೀವೇ ಕೇಳಿ ಹಾಕಿಸ್ಕೋತೀರಿ."

ಸುತ್ತ ಇದ್ದವರು ನಕ್ಕರು. ಆಕೆಯೂ ನಕ್ಕರು. ಮೇಷ್ಟ್ರು ಮುಂದಿನ ವಿಷಯಕ್ಕೆ ಹೋದರು. ನನಗೆ ಮಾತ್ರ ಆ ಮಾತು ವಾರವಿಡೀ ಕಿವಿಯಲ್ಲಿ ಕೂತಿದೆ.

ಮೇಷ್ಟ್ರು ಒಳ್ಳೆಯವರು. ಅವರಷ್ಟು ಓದಿಕೊಂಡವರು ಸಿಗುವುದು ಕಷ್ಟ. ಕಾಗದ ನೋಡದೆ ಇಟಲಿಯ ಬರೋಲೊ ವೈನ್ ಮಾಡುವ ಊರುಗಳ ಮಣ್ಣಿನ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲರು. ಆದರೆ ಅವರಿಗೆ ಒಂದು ಅಭ್ಯಾಸ ಇದೆ. ತಮಗೆ ಇಷ್ಟವಾದದ್ದು ಎದುರಿನವರಿಗೆ ಇಷ್ಟವಾಗದಿದ್ದರೆ ಅದನ್ನು ಅನುಭವದ ಕೊರತೆ ಅಂತಲೇ ತಿಳಿಯುತ್ತಾರೆ. ಅದೇ ಮೇಜಿನಲ್ಲಿ ಇನ್ನೊಬ್ಬರು ಮೊದಲ ಗುಟುಕಿಗೇ "ಆಹಾ" ಅಂದರು. ಅವರೂ ಹೊಸಬರೇ. ಅವರಿಗೆ ಯಾರೂ "ಇನ್ನೂ ಅರ್ಥ ಆಗಿಲ್ಲ, ಹತ್ತು ವರ್ಷ ತಡೀರಿ" ಅನ್ನಲಿಲ್ಲ. ಇಷ್ಟಪಡಲು ಅನುಭವ ಬೇಕಿಲ್ಲ, ಬೇಡ ಅನ್ನಲು ಮಾತ್ರ ಬೇಕು. ಇದು ಯಾವ ನ್ಯಾಯ?

ಆಕೆ ಹೇಳಿದ್ದನ್ನು ಸರಿಯಾಗಿ ಕೇಳಬೇಕಿತ್ತು. ಕೆಟ್ಟದಾಗಿದೆ ಅನ್ನಲಿಲ್ಲ. ಚೆನ್ನಾಗಿ ಮಾಡಿದ್ದಾರೆ ಅಂತ ಮೊದಲು ಒಪ್ಪಿಕೊಂಡು, ಆಮೇಲೆ ತಮ್ಮ ನಾಲಿಗೆಯ ಮಾತು ಹೇಳಿದರು. ಅಷ್ಟು ಚೊಕ್ಕವಾಗಿ ಎರಡನ್ನೂ ಬೇರೆ ಮಾಡಿ ಹೇಳುವವರು ವರ್ಷಗಟ್ಟಲೆ ಕುಡಿದವರಲ್ಲೂ ಕಡಿಮೆ.

ಅಮರೋನೆ ಇಷ್ಟವಾಗದಿರಲು ಕಾರಣ ಆ ವೈನಿನೊಳಗೇ ಇದೆ. ಇಟಲಿಯ ವೆರೋನಾ ಹತ್ತಿರದ ವಾಲ್ಪೊಲಿಚೆಲ್ಲಾದಲ್ಲಿ ಕೊರ್ವಿನಾ ಮತ್ತಿತರ ದ್ರಾಕ್ಷಿಯನ್ನು ಕೊಯ್ದು, ಗಾಳಿಯಾಡುವ ಅಟ್ಟಣೆಗಳ ಮೇಲೆ ತಿಂಗಳುಗಟ್ಟಲೆ ಒಣಗಿಸುತ್ತಾರೆ. ನೀರು ಹೋಗಿ ಹಣ್ಣಿನ ತೂಕ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಸಕ್ಕರೆ ಗಟ್ಟಿಯಾಗುತ್ತದೆ. ಆ ಸಕ್ಕರೆ ಪೂರ್ತಿ ಹುದುಗಿದಾಗ ಆಲ್ಕೋಹಾಲ್ ಶೇಕಡಾ 15, ಕೆಲವೊಮ್ಮೆ 16 ದಾಟುತ್ತದೆ. ಒಣದ್ರಾಕ್ಷಿಯ ವಾಸನೆ, ಕೊನೆಗೆ ಒಂದು ಕಹಿ, ಗಂಟಲಲ್ಲಿ ಬಿಸಿ. ಇದರ ಹಿಂದೆ ಎಷ್ಟು ಶ್ರಮ ಇದೆ ಅಂತ ನನಗೆ ಗೊತ್ತು. ಒಣಗುವಾಗ ಬೂಷ್ಟು ಹಿಡಿದರೆ ಇಡೀ ವರ್ಷದ ಬೆಳೆ ಹೋಯಿತು. ಅದೆಲ್ಲ ಗೊತ್ತಿದ್ದೂ ನನಗೂ ಅಮರೋನೆ ಬೇಡ. ಬಿಸಿ ನನ್ನ ಬಾಯಿಗೆ ಜಾಸ್ತಿ. ಅದರ ಬಗ್ಗೆ ತಿಳಿದುಕೊಂಡಷ್ಟೂ ಗೌರವ ಹೆಚ್ಚಾಗಿದೆ, ಆಸೆ ಹುಟ್ಟಿಲ್ಲ.

ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಕೆಂಪು ವೈನ್ ಶಿರಾಜ್‌ನದೂ ನನಗೆ ಇದೇ ಕಥೆ. ಅಲ್ಲಿ 1843ರಲ್ಲಿ ನೆಟ್ಟ ಬಳ್ಳಿಗಳು ಇವತ್ತಿಗೂ ಹಣ್ಣು ಬಿಡುತ್ತಿವೆ. ಯೂರೋಪಿನ ತೋಟಗಳನ್ನೆಲ್ಲ ತಿಂದು ಹಾಕಿದ ಫೈಲಾಕ್ಸೆರಾ ಹುಳು ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಡಲಿಲ್ಲ, ಅದಕ್ಕೇ ಉಳಿದವು. ಆ ಬಳ್ಳಿಗಳ ಚಿತ್ರ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ಆದರೂ ಅಮೆರಿಕನ್ ಓಕ್ ಪೀಪಾಯಿಯ ವೆನಿಲ್ಲಾ ವಾಸನೆ ಹೊತ್ತ ದಪ್ಪ ಶಿರಾಜ್ ಅರ್ಧ ಗ್ಲಾಸಿಗೇ ನನ್ನನ್ನು ದಣಿಸುತ್ತದೆ. ಫ್ರಾನ್ಸಿನ ಉತ್ತರ ರೋನ್‌ನಲ್ಲಿ ಅದೇ ದ್ರಾಕ್ಷಿಯ ಹೆಸರು ಸಿರಾ. ಅಲ್ಲಿನ ವೈನ್ ಹಗುರ, ಕರಿಮೆಣಸಿನ ಘಮ. ಅದನ್ನು ಎಷ್ಟು ಕೊಟ್ಟರೂ ಬೇಡ ಅನ್ನಲಾರೆ.

ಈ ಕರಿಮೆಣಸಿನ ವಿಷಯ ಮೇಷ್ಟ್ರಿಗೆ ಖಂಡಿತ ಗೊತ್ತು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ರೋಟಂಡೋನ್ ಅನ್ನುವ ವಸ್ತುವನ್ನು ಗುರುತಿಸಿದರು. ಶಿರಾಜ್‌ನ ಮೆಣಸಿನ ವಾಸನೆಗೂ ನಿಜವಾದ ಕರಿಮೆಣಸಿನ ವಾಸನೆಗೂ ಅದೇ ಮೂಲ. ಪರೀಕ್ಷೆಗೆ ಕೂತವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಪರೀಕ್ಷೆಯ ಅತಿ ಹೆಚ್ಚು ಪ್ರಮಾಣದಲ್ಲಿ ಬೆರೆಸಿದರೂ, ಆ ವಾಸನೆ ಬರಲೇ ಇಲ್ಲ. ಒಂದೇ ಬಾಟಲಿ, ಒಂದೇ ಮೇಜು, ಆದರೂ ಐದನೆಯವರು ಕುಡಿಯುತ್ತಿರುವುದು ಬೇರೆಯೇ ವೈನ್! ವೈನಿಗೆ ಒಗರು ಕೊಡುವ ಟ್ಯಾನಿನ್ ಕೂಡ ಹಾಗೇ. ಅದು ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಎಂಜಲು ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ. ಹಾಗಾಗಿ ಒಬ್ಬರಿಗೆ ಹಿತವಾದ ಬರೋಲೊ ಇನ್ನೊಬ್ಬರ ಬಾಯಲ್ಲಿ ಮರಳುಕಾಗದ. ಇದನ್ನು ಹತ್ತು ವರ್ಷ ಕುಡಿದು ಸರಿಮಾಡಿಕೊಳ್ಳಿ ಅಂದರೆ ಹೇಗೆ?

ರುಚಿ ಬದಲಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸ್ಪೇನಿನ ಹೆರೆಸ್‌ನ ಫೀನೊ ಶೆರಿ ನನಗೆ ನಿಧಾನವಾಗಿ ಹಿಡಿಸಿತು. ಪೀಪಾಯಿಯೊಳಗೆ ವೈನಿನ ಮೇಲೆ ಯೀಸ್ಟ್ ಕೆನೆಗಟ್ಟಿ, ಅದರಡಿ ಬಲಿಯುವ ವೈನ್ ಅದು. ಫ್ರಾನ್ಸಿನ ಜೂರಾದ ವ್ಯಾನ್ ಜೋನ್ ಕೂಡ ಅಂಥದ್ದೇ. ಸಾವನ್ಯಾನ್ ದ್ರಾಕ್ಷಿಯ ಬಿಳಿ ವೈನನ್ನು ಆರು ವರ್ಷಕ್ಕೂ ಮೇಲೆ ಪೀಪಾಯಿಯಲ್ಲಿ ಬಿಟ್ಟು, 62 ಸೆಂಟಿಲೀಟರಿನ ಗಿಡ್ಡ ಬಾಟಲಿಗೆ ತುಂಬುತ್ತಾರೆ. ಅದರಲ್ಲಿ ಮೆಂತ್ಯದ ಘಮ ಬರುತ್ತದೆ. ಮೆಂತ್ಯಕ್ಕೆ ಘಮ ಕೊಡುವ ಸೋಟೊಲೋನ್ ಆ ವೈನಿನಲ್ಲೂ ಇದೆ. ನನಗೆ ಪ್ರಾಣ. ನನ್ನ ಹತ್ತಿರದ ಗೆಳೆಯರಿಗೆ ಅದನ್ನು ಮೂಸಿದರೆ ಮುಖ ಕಿವುಚಿಹೋಗುತ್ತದೆ. ಅವರಿಗೆ ಅರ್ಥವಾಗಿಲ್ಲ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ಅವರಿಗೆ ಚೆನ್ನಾಗಿ ಅರ್ಥವಾಗಿದೆ, ಬೇಡ ಅಷ್ಟೇ.

ಅರ್ಥವಾದವರೂ ಒಪ್ಪದೆ ಇರುವುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಫ್ರಾನ್ಸಿನ ಬೋರ್ಡೋದ ಶಾಟೋ ಪಾವಿ, 2003ರ ಬಿಸಿಲಿನ ವರ್ಷದ ವೈನ್. 2004ರ ವಸಂತದಲ್ಲಿ ಅದನ್ನು ಪೀಪಾಯಿಯಿಂದ ರುಚಿ ನೋಡಿದಾಗ ಅಮೆರಿಕದ ಹೆಸರಾಂತ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ನೂರರ ಹತ್ತಿರ ಅಂಕ ಕೊಟ್ಟರು. ಅಷ್ಟೇ ಹೆಸರಾಂತ ಬ್ರಿಟನ್ನಿನ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ 20ಕ್ಕೆ 12 ಕೊಟ್ಟರು. ಇಬ್ಬರ ನಡುವೆ ಬಹಿರಂಗವಾಗಿ ಜಗಳವೇ ಆಯಿತು. ಇವರಲ್ಲಿ ಯಾರಿಗೆ ಅನುಭವ ಸಾಲದು? ಯಾರು ಇನ್ನೂ ಹತ್ತು ವರ್ಷ ಕುಡಿಯಬೇಕಿತ್ತು?

ಅದೇ ಶನಿವಾರ ಇನ್ನೊಂದು ಮಾತೂ ನನ್ನನ್ನು ಕೆಣಕಿತು. ಮೇಜಿನ ತುದಿಯಲ್ಲಿದ್ದವರೊಬ್ಬರು "ಶಾರ್ಡನೇ ಅಂದ್ರೆ ಬರೀ ಬೆಣ್ಣೆ, ಅದು ವೈನೇ ಅಲ್ಲ" ಅಂದರು. ಅದಕ್ಕೆ ಮೇಷ್ಟ್ರು ಹೌದು ಅಂತ ತಲೆಯಾಡಿಸಿದರು! ಇದು ಆಕೆಯ ಮಾತಿಗೆ ಪೂರ್ತಿ ಉಲ್ಟಾ. ಶಾರ್ಡನೇ ಒಂದು ಬಿಳಿ ದ್ರಾಕ್ಷಿ. ಬೆಣ್ಣೆಯ ವಾಸನೆ ಆ ದ್ರಾಕ್ಷಿಯದಲ್ಲ. ಹುಳಿ ಮೆತ್ತಗಾಗಲೆಂದು ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಹುಟ್ಟುವ ಡಯಾಸಿಟೈಲ್‌ನದು. ಹೊಸ ಓಕ್ ಅದರ ಮೇಲೆ ವೆನಿಲ್ಲಾ ಹಚ್ಚುತ್ತದೆ. ಕ್ಯಾಲಿಫೋರ್ನಿಯಾದ ಒಂದು ಕಾಲದ ಶೈಲಿ ಅದು. ಫ್ರಾನ್ಸಿನಲ್ಲಿ ಉಕ್ಕಿನ ತೊಟ್ಟಿಯಲ್ಲಿ ಮಾಡಿದ ಶಾಬ್ಲಿ ವೈನೂ ಶಾರ್ಡನೇಯೇ. ಸುಣ್ಣಕಲ್ಲಿನ ಹಾಗೆ ಚುರುಕು, ಬೆಣ್ಣೆಯ ಸುಳಿವೂ ಇಲ್ಲ. ತನಗೆ ಇಷ್ಟವಿಲ್ಲ ಅನ್ನುವುದನ್ನು ವೈನಿನ ತಪ್ಪು ಮಾಡಿ, ಇಡೀ ದ್ರಾಕ್ಷಿಯನ್ನೇ ತಳ್ಳಿಹಾಕಿದವರಿಗೆ ಮೆಚ್ಚುಗೆ. ಒಂದು ಗ್ಲಾಸಿನ ಬಗ್ಗೆ ತೂಕವಾಗಿ ಮಾತಾಡಿದವರಿಗೆ ಪಾಠ. ನನಗೆ ಬೇಜಾರಾದದ್ದು ಅಲ್ಲೇ.

ನಾನು ಸುಮ್ನೆ ಇರಲಿಲ್ಲ. ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ, "ಸರ್, ಆಕೆಗೆ ಯಾವುದು ಬೇಡವಾಯ್ತು ಅಂತ ಒಂದು ಮಾತು ಕೇಳಬಹುದಿತ್ತು ಅಲ್ವಾ?" ಅಂದೆ. "ಅಮರೋನೆಗೆ ಸರ್ಟಿಫಿಕೇಟ್ ಬೇಕಿಲ್ಲ" ಅಂದರು. ಬೇಕಿಲ್ಲ, ನಿಜ. ಆದರೆ ಕೇಳಿದ್ದರೆ ಆಕೆಗೆ ದಾರಿ ಸಿಗುತ್ತಿತ್ತು. ಆಲ್ಕೋಹಾಲ್ ಬಿಸಿ ಜಾಸ್ತಿ ಆಯ್ತಾ? ಒಣದ್ರಾಕ್ಷಿಯ ವಾಸನೆಯಾ? ಕೊನೆಯ ಕಹಿಯಾ? ಒಂದೊಂದು ಉತ್ತರಕ್ಕೂ ಒಂದೊಂದು ಬೇರೆ ಬಾಟಲಿ ಇದೆ.

ನಾನೇ ಆಕೆಯನ್ನು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: "ಹಣ್ಣಿನ ರುಚಿ ಇಷ್ಟ ಆಯ್ತು. ಅದು ಒಣಗಿದ್ದು ಇಷ್ಟ ಆಗ್ಲಿಲ್ಲ." ಇಷ್ಟು ಸ್ಪಷ್ಟವಾದ ಉತ್ತರ ನಾನು ನಿರೀಕ್ಷಿಸಿರಲಿಲ್ಲ. ಹಾಗಾದರೆ ಆಕೆಗೆ ಬೇಕಿರುವುದು ಅದೇ ಬೆಟ್ಟಗಳ ಸಾದಾ ವಾಲ್ಪೊಲಿಚೆಲ್ಲಾ. ಅದೇ ಕೊರ್ವಿನಾ, ಒಣಗಿಸದೆ ಹಿಂಡಿದ್ದು. ಚೆರ್ರಿಯ ಹುಳಿ, ಶೇಕಡಾ 12ರ ಆಸುಪಾಸಿನ ಆಲ್ಕೋಹಾಲ್. ಅದೂ ಭಾರ ಅನ್ನಿಸಿದರೆ ಪಕ್ಕದಲ್ಲೇ ಗಾರ್ಡಾ ಸರೋವರದ ದಂಡೆಯ ಬಾರ್ದೊಲೀನೊ ಇದೆ, ಇನ್ನೂ ತೆಳು.

ಮುಂದಿನ ಟೇಸ್ಟಿಂಗ್‌ಗೆ ಆಕೆ ಬರುತ್ತಾರಂತೆ. ನಾನು ವಾಲ್ಪೊಲಿಚೆಲ್ಲಾ ತರುತ್ತೇನೆ ಅಂತ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. "ಅದು ಸಣ್ಣ ವೈನ್ ಕಣಯ್ಯಾ" ಅಂದರು. ತರುತ್ತೇನೆ.