ನಲವತ್ತೈದರ ಮೇಲೆ ಒಂದು ಉಗಾಭೋಗ

ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಲಿವರೆಗೆ ಎಷ್ಟೋ ಕನ್ನಡ ಮನೆಗಳ ಅಟ್ಟದಲ್ಲಿ ಶ್ರುತಿಪೆಟ್ಟಿಗೆಯೊಂದು ಗವಸು ಹೊದ್ದು ಕೂತಿರುತ್ತದೆ. ಮದುವೆಗೆ ಮುಂಚೆ ಕರ್ನಾಟಕ ಸಂಗೀತವನ್ನು ವರ್ಣದವರೆಗೆ ಕಲಿತವರು, ಆಮೇಲೆ ಲೋಕಲ್ ಟ್ರೇನು, ಮಕ್ಕಳ ಪರೀಕ್ಷೆ, ಹಿರಿಯರ ಔಷಧಿ ಎನ್ನುತ್ತ ಇಪ್ಪತ್ತು ವರ್ಷ ಬಾಯಿ ತೆರೆಯದವರು. ಮತ್ತೆ ಹಾಡಬೇಕು ಅನ್ನಿಸಿದ ದಿನ ಹಿಂದೆ ಚೆನ್ನಾಗಿ ಬರುತ್ತಿದ್ದ ದೊಡ್ಡ ಕೃತಿಗೇ ಕೈಹಾಕುತ್ತಾರೆ. ತಾರಸ್ಥಾಯಿಯಲ್ಲಿ ಗಂಟಲು ಕಟ್ಟುತ್ತದೆ, 'ಇನ್ನು ನನ್ನಿಂದಾಗದು' ಎಂದು ಪೆಟ್ಟಿಗೆ ಮತ್ತೆ ಅಟ್ಟ ಸೇರುತ್ತದೆ.

ಅಂಥವರಿಗೆ ನಾನು ಹೇಳುವುದು ಒಂದೇ: ಹರಿದಾಸರ ಪುಟ್ಟ ರಚನೆಯಾದ ಉಗಾಭೋಗದಿಂದ ಶುರುಮಾಡಿ. ಅದಕ್ಕೆ ತಾಳದ ಕಟ್ಟಿಲ್ಲ, ಕೆಲವೇ ಸಾಲು. ಇನ್ನೊಂದು ದೊಡ್ಡ ಕಾರಣವಿದೆ. ದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ಉಳಿದಿಲ್ಲ. ಇಂದು ಕೇಳುವ ಮಟ್ಟುಗಳು ಹೆಚ್ಚಾಗಿ ನಂತರದವರು ಕೂಡಿಸಿದವು. ಹಾಗಾಗಿ ನೀವೇ ರಾಗ ಹಚ್ಚಿದರೆ ತಪ್ಪಿಲ್ಲ. ಯಾವ ಮಾತಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂದು ತೀರ್ಮಾನಿಸುವಾಗ ಆ ಮಾತನ್ನು ನೀವು ಎಷ್ಟು ನಂಬುತ್ತೀರಿ ಎಂಬುದೂ ತೀರ್ಮಾನವಾಗುತ್ತದೆ. ಪುರಂದರದಾಸರ ಕಾಲ 1484ರಿಂದ 1564 ಎನ್ನುತ್ತಾರೆ. ನವಕೋಟಿ ನಾರಾಯಣನೆನಿಸಿದ್ದ ವ್ಯಾಪಾರಿ ಎಲ್ಲ ಬಿಟ್ಟು ವ್ಯಾಸರಾಯರಿಂದ ದಾಸದೀಕ್ಷೆ ಪಡೆದಾಗ, ಪರಂಪರೆಯ ಲೆಕ್ಕದಲ್ಲಿ, ವಯಸ್ಸು ನಲವತ್ತರ ಆಸುಪಾಸು.

ಮೊದಲು ಶ್ರುತಿ, ಅಂದರೆ ನಿಮ್ಮ ಆಧಾರ ಷಡ್ಜ ಎಷ್ಟು ಎತ್ತರದಲ್ಲಿರಬೇಕು ಎಂಬುದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನು ಇಳಿದಂತೆ ಹೆಂಗಸರ ದನಿ ತುಸು ಕೆಳಗಿಳಿಯುತ್ತದೆ, ಮೇಲಿನ ಸ್ವರಗಳು ಬಿಗಿಯುತ್ತವೆ. ಹಿಂದೆ ಹಾರ್ಮೋನಿಯಂನ ಐದೂವರೆ ಮನೆಯಲ್ಲಿ, ಅಂದರೆ ಇಲ್ಲಿನ ಹಿಂದೂಸ್ತಾನಿಯವರ ಕಾಳೀ ಚಾರ್‌ನಲ್ಲಿ, ಹಾಡುತ್ತಿದ್ದವರು ನಾಲ್ಕೂವರೆಗೆ, ಅಂದರೆ ಕಾಳೀ ತೀನ್‌ಗೆ, ಇಳಿದು ನೋಡಲಿ. ಕೆಳಗಿನ ಮಂದ್ರ ಪಂಚಮ ಕೇಳಿಸಬೇಕು, ಮೇಲಿನ ತಾರ ಗಾಂಧಾರದಲ್ಲಿ ಎಂಟು ಎಣಿಸುವಷ್ಟು ನಿಂತರೂ ದವಡೆ ಬಿಗಿಯಬಾರದು. ಈ ಪರೀಕ್ಷೆ ಸಂಜೆ ಮಾಡಿ. ಎದ್ದಾಗ ದನಿ ಸಹಜವಾಗಿ ತಗ್ಗಿರುತ್ತದೆ, ಲೆಕ್ಕ ತಪ್ಪುತ್ತದೆ.

ಫೋನಿನ ತಂಬೂರಿ ಸಾಕು, ಆದರೆ ಅದರ ಪುಟ್ಟ ಸ್ಪೀಕರ್‌ನಲ್ಲಿ ಖರ್ಜದ, ಅಂದರೆ ಕೆಳಷಡ್ಜದ, ತಂತಿ ಸರಿಯಾಗಿ ಕೇಳಿಸದು; ಆಧಾರ ಸಿಗದೆ ದನಿ ಜಾರುತ್ತದೆ. ಬ್ಲೂಟೂತ್ ಸ್ಪೀಕರ್ ಒಂದನ್ನು ಎರಡು ಅಡಿ ದೂರದಲ್ಲಿಡಿ. ಪಕ್ಕದ ಮನೆಯವರಿಗೆ ತೊಂದರೆಯಾಗಬಾರದೆಂದು ಇಯರ್‌ಫೋನ್ ಹಾಕುವುದಾದರೆ ಒಂದೇ ಕಿವಿಗೆ. ಎರಡೂ ಮುಚ್ಚಿದರೆ ನಿಮ್ಮ ದನಿ ನಿಮಗೇ ಸರಿಯಾಗಿ ಕೇಳಿಸುವುದಿಲ್ಲ.

ರಾಗ ಮೋಹನ ಇರಲಿ, ಇಲ್ಲಿನ ಮಾತಿನಲ್ಲಿ ಭೂಪ್. ಮಧ್ಯಮ ನಿಷಾದಗಳಿಲ್ಲದ ಐದು ಸ್ವರ, ಎಲ್ಲಿಯೂ ಅರ್ಧ ಸ್ವರದ ಇಕ್ಕಟ್ಟಿಲ್ಲ. ಮೊದಲ ಪಾಠವಾದ ಸರಳೆವರಸೆಯ ರಾಗ ಮಾಯಾಮಾಳವಗೌಳದಲ್ಲಿ ರಿಷಭ ಷಡ್ಜಕ್ಕೆ ಅಂಟಿಕೊಂಡಂತಿದೆ, ಬಹುಕಾಲ ಹಾಡದ ಗಂಟಲು ಅಲ್ಲಿ ಬೇಗ ಅಪಸ್ವರವಾಗುತ್ತದೆ. ಆ ಅಭ್ಯಾಸ ಎರಡನೇ ತಿಂಗಳಿಗಿರಲಿ, ಅದೂ ಒಂದನೇ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಮಾತ್ರ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಐದು ನಿಮಿಷ ಬಾಯಿ ಮುಚ್ಚಿ ಷಡ್ಜದಲ್ಲಿ ಗುಂಯ್‌ಗುಟ್ಟುವುದು, ಐದು ನಿಮಿಷ ಮಂದ್ರದ ಸ್ವರಗಳನ್ನು ಒಂದೊಂದಾಗಿ ಹಿಡಿದು ನಿಲ್ಲುವುದು. ಉಳಿದದ್ದು ಸಾಹಿತ್ಯಕ್ಕೆ. ಹಾಡುವ ಮುಂಚೆ ಒಂದು ವಾರ ಅದನ್ನು ಬರೀ ಓದಿ. ಟ್ರೇನಿನಲ್ಲಿ ಸೀಟು ಸಿಕ್ಕರೆ ಅಲ್ಲೇ ಓದಬಹುದು. ಭಜನೆ ಮಂಡಳಿಗಳು ತಾಳ ಹಿಡಿದು ಹಾಡುವ ಲೋಕಲ್‌ಗಳ ಊರಿದು, ತುಟಿ ಅಲ್ಲಾಡಿದರೆ ಯಾರೂ ತಿರುಗಿ ನೋಡರು. ಅರ್ಥ ಮುಗಿಯುವ ಕಡೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ, ಉಸಿರು ಅಲ್ಲಿ ಮಾತ್ರ. ಉಸಿರು ಸಾಲದೆ ಪದವನ್ನು ನಡುವೆ ಮುರಿಯುವುದು ಎಲ್ಲರೂ ಮಾಡುವ ತಪ್ಪು. ಸಾಲನ್ನೇ ಎರಡು ಮಾಡಿಕೊಳ್ಳಿ, ಪದ ಮುರಿಯಬೇಡಿ.

ಆಮೇಲೆ ಸ್ವರ ಕೂಡಿಸುವುದು. ಮೊದಲ ಸಾಲು ಷಡ್ಜ–ಗಾಂಧಾರದ ಸುತ್ತ ಇರಲಿ, ಮುಂದಿನದು ಪಂಚಮಕ್ಕೆ ಹೋಗಲಿ. ದಾಸರು ದೇವರನ್ನು ಕೇಳುವ, ಜಗಳವಾಡುವ ಮಾತು ಎಲ್ಲಿದೆಯೋ ಅಲ್ಲಿ ತಾರ ಷಡ್ಜ. ಕೊನೆಯಲ್ಲಿ 'ಪುರಂದರವಿಠಲ' ಎಂಬ ಅಂಕಿತ ಬಂದಾಗ ಮೆಲ್ಲಗೆ ಕೆಳಗೆ. ಪಂಢರಪುರ ಇದೇ ರಾಜ್ಯದಲ್ಲಿದೆ, ವಿಠಲ ಇಲ್ಲಿ ನೆರೆಯವನು. ಆ ಹೆಸರನ್ನು ಅವಸರದಲ್ಲಿ ನುಂಗಬೇಡಿ. ರೆಕಾರ್ಡ್ ಮಾಡಿ ಮರುದಿನ ಕೇಳಿ. ಹಾಡಿದ ತಕ್ಷಣ ಕೇಳಿದರೆ ಕಿವಿ ಬರೀ ತಪ್ಪನ್ನೇ ಹುಡುಕುತ್ತದೆ.

ಬೆಳಿಗ್ಗೆ ಗಂಟಲು ದಪ್ಪವಾಗಿ ಕಫ ಕಟ್ಟಿದಂತಿದ್ದರೆ ಹಿಂದಿನ ರಾತ್ರಿಯ ಊಟ ನೆನಪಿಸಿಕೊಳ್ಳಿ. ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೇರಬಹುದು. ಊಟ ಬೇಗ ಮಾಡಲಾಗದಿದ್ದರೆ ಅಭ್ಯಾಸವನ್ನು ಸಂಜೆಗೆ ಸರಿಸಿ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು.

ಪುಷ್ಯ ಬಹುಳ ಅಮಾವಾಸ್ಯೆ ಪುರಂದರದಾಸರ ಆರಾಧನೆ, ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ ಬರುತ್ತದೆ. ಗಣೇಶನ ಹಬ್ಬ ಮುಗಿದ ಮೇಲೆ ಶುರುಮಾಡಿದರೂ ನಾಲ್ಕು ತಿಂಗಳು ಸಿಗುತ್ತದೆ. ನಿಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ಆ ದಿನಕ್ಕೆ ಮೂರು ನಿಮಿಷ ಕೇಳಿಟ್ಟುಕೊಳ್ಳಿ. ಹಾರ್ಮೋನಿಯಂನವರಿಗೆ ಚೀಟಿಯಲ್ಲಿ ರಾಗ, ಶ್ರುತಿ ಬರೆದು ಮೊದಲೇ ಕೊಡಿ. 'ನಾಲ್ಕೂವರೆ, ಏರಿಸಬೇಡಿ' ಎಂದೂ ಬರೆಯಿರಿ.