ಬೀಜಗಣಿತದ ಅಂಕ ಎಲ್ಲಿ ಸಿಗುತ್ತದೆ, ಎಲ್ಲಿ ಸೋರುತ್ತದೆ

ಹತ್ತನೇ ತರಗತಿಯಲ್ಲಿ ಮೊದಲ ಅಧ್ಯಾಯ ಶುರು ಮಾಡುವ ಮುಂಚೆಯೇ ಮಕ್ಕಳಿಗೆ ಹೇಳಿಬಿಡಬೇಕಾದ ವಿಷಯವೊಂದಿದೆ: ಈ ವರ್ಷ ನೀವು ಮಾಡುವ ಲೆಕ್ಕಕ್ಕೆ ಅಂಕ ಹೇಗೆ ಬೀಳುತ್ತದೆ ಎಂಬುದು. ಎಷ್ಟೋ ಮಕ್ಕಳಿಗೆ ಇದು ಗೊತ್ತಾಗುವುದು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬಂದಾಗ. ಅಷ್ಟು ಹೊತ್ತಿಗೆ ಹಂತ ಹಾರಿಸುವ, ಚಿಹ್ನೆ ನುಂಗುವ ಅಭ್ಯಾಸ ಬೇರು ಬಿಟ್ಟಿರುತ್ತದೆ. ಬೀಜಗಣಿತದಲ್ಲಿ ಹೋಗುವ ಅಂಕಗಳಲ್ಲಿ ದೊಡ್ಡ ಪಾಲು ಬುದ್ಧಿ ಸಾಲದೆ ಹೋಗುವುದಲ್ಲ, ಬರೆಯುವ ಕ್ರಮ ಗೊತ್ತಿಲ್ಲದೆ ಹೋಗುವುದು. ನಿಯಮವನ್ನು ಜೂನ್‌ನಲ್ಲೇ ಹೇಳಿದರೆ ಅದನ್ನು ಉಳಿಸಿಕೊಳ್ಳಬಹುದು.

ಮೊದಲು ಪೂರ್ತಿ ಲೆಕ್ಕ. ಎಸ್ಸೆಸ್ಸೆಲ್ಸಿ ಗಣಿತಕ್ಕೆ 100 ಅಂಕ: ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಇತ್ತೀಚಿನ ವರ್ಷಗಳ ಪ್ರಶ್ನೆಪತ್ರಿಕೆಯಲ್ಲಿ 38 ಪ್ರಶ್ನೆಗಳು. ಒಂದು ಅಂಕದ ಬಹು ಆಯ್ಕೆ 8, ಒಂದು ಅಂಕದ ಕಿರು ಉತ್ತರ 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಕೂಡಿ ನೋಡಿ: ಎರಡು ಅಂಕ ಮತ್ತು ಅದಕ್ಕಿಂತ ಮೇಲಿನ ಪ್ರಶ್ನೆಗಳಿಂದಲೇ 64 ಅಂಕ ಬರುತ್ತದೆ. ಆ 64ರಲ್ಲಿ ಬರೀ ಕೊನೆಯ ಉತ್ತರಕ್ಕೆ ಸಿಗುವುದು ಸ್ವಲ್ಪ, ದಾರಿಗೆ ಸಿಗುವುದೇ ಹೆಚ್ಚು. ‘ಉತ್ತರ ಸರಿ ಇದೆ, ಆದರೂ ಅಂಕ ಕಟ್ ಮಾಡಿದ್ದಾರೆ’ ಎಂದು ಮನೆಯಲ್ಲಿ ದೂರುವ ಮಕ್ಕಳಿಗೆ ಈ ಲೆಕ್ಕವನ್ನು ಯಾರೂ ತೋರಿಸಿರುವುದಿಲ್ಲ.

ಒಂದು ಉದಾಹರಣೆ. 2ಎಕ್ಸ್² − 5ಎಕ್ಸ್ + 3 = 0 ಎಂಬ ವರ್ಗಸಮೀಕರಣವನ್ನು ಸೂತ್ರ ಬಳಸಿ ಬಿಡಿಸಬೇಕು, ಮೂರು ಅಂಕ. ನಮ್ಮ ಹಂಚಿಕೆ ಹೀಗೆ: ಎ = 2, ಬಿ = −5, ಸಿ = 3 ಎಂದು ಗುರುತಿಸಿದ್ದಕ್ಕೆ ಅರ್ಧ. ಸೂತ್ರ ಬರೆದದ್ದಕ್ಕೆ ಅರ್ಧ. ಬೆಲೆಗಳನ್ನು ಆದೇಶಿಸಿದ್ದಕ್ಕೆ, ಅಂದರೆ ಸೂತ್ರದಲ್ಲಿ ಅಕ್ಷರಗಳ ಜಾಗಕ್ಕೆ ಹಾಕಿದ್ದಕ್ಕೆ, ಅರ್ಧ. ಬಿ² − 4ಎಸಿ ಅಂದರೆ 25 − 24 = 1 ಎಂದು ತೋರಿಸಿದ್ದಕ್ಕೆ ಅರ್ಧ. ಕೊನೆಗೆ 3/2 ಮತ್ತು 1 ಎಂಬ ಎರಡು ಮೂಲಗಳಿಗೆ ತಲಾ ಅರ್ಧ. ಮಂಡಳಿಯ ಮಾದರಿ ಉತ್ತರದಲ್ಲಿ ಈ ಅರ್ಧಗಳು ವರ್ಷದಿಂದ ವರ್ಷಕ್ಕೆ ಅಲ್ಲಲ್ಲಿ ಜಾಗ ಬದಲಿಸಬಹುದು, ಆದರೆ ಹಂತಕ್ಕೆ ಅಂಕ ಎಂಬ ತತ್ವ ಬದಲಾಗದು. ಬರೀ ‘3/2, 1’ ಎಂದು ಬರೆದಿಟ್ಟ ಮಗುವಿಗೆ ಇಲ್ಲಿ ಸಿಗುವುದು ಒಂದೇ ಅಂಕ. ಸೂತ್ರದವರೆಗೆ ಸರಿಯಾಗಿ ಬರೆದು ಮುಂದೆ ಸಿಕ್ಕಿಹಾಕಿಕೊಂಡ ಮಗುವಿಗೂ ಒಂದು ಅಂಕ. ಹಾಗಾಗಿ ಗೊತ್ತಿಲ್ಲವೆಂದು ಪ್ರಶ್ನೆಯನ್ನು ಖಾಲಿ ಬಿಡುವುದು ಬೀಜಗಣಿತದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು.

ಇದೇ ಲೆಕ್ಕದಲ್ಲಿ ಹೆಚ್ಚಿನವರು ಎಡವುವ ಜಾಗ −ಬಿ. ಬಿ ಎಂಬುದೇ −5 ಆಗಿರುವುದರಿಂದ −ಬಿ ಅಂದರೆ +5. ಇದನ್ನು −5 ಎಂದೇ ಬರೆದವರಿಗೆ −1 ಮತ್ತು −3/2 ಬರುತ್ತದೆ. ಇಂಥಲ್ಲಿ ಎಷ್ಟು ಕಳೆಯಬೇಕು? ನಮ್ಮ ನಿಯಮ: ತಪ್ಪು ಆದ ಹಂತದಲ್ಲಿ ಒಮ್ಮೆ ಮಾತ್ರ ಕಳೆಯುವುದು. ಅಲ್ಲಿಂದ ಮುಂದೆ ಆ ತಪ್ಪು ಬೆಲೆಯನ್ನೇ ಹಿಡಿದು ಸರಿಯಾಗಿ ಲೆಕ್ಕ ಮಾಡಿದ್ದರೆ ಮುಂದಿನ ಹಂತಗಳ ಅಂಕ ಕೊಡುವುದು. ಒಂದು ಮಿತಿಯಿದೆ. ತಪ್ಪಿನಿಂದಾಗಿ ಲೆಕ್ಕವೇ ಸುಲಭವಾಗಿಬಿಟ್ಟರೆ, ಅಂದರೆ ವರ್ಗಪದ ರದ್ದಾಗಿ ಸರಳ ಸಮೀಕರಣ ಉಳಿದರೆ, ಮುಂದಿನ ಅಂಕಗಳಿಲ್ಲ. ಇದು ತರಗತಿಯ ಕಿರು ಪರೀಕ್ಷೆಗಳ ನಿಯಮ. ಮಂಡಳಿಯ ಮೌಲ್ಯಮಾಪಕರು ಇಷ್ಟು ಉದಾರವಾಗಿರುತ್ತಾರೆಂದು ಯಾರೂ ನಂಬಿ ಕೂರಬಾರದು. ಇದನ್ನೂ ಮಕ್ಕಳಿಗೆ ಬಿಡಿಸಿ ಹೇಳಬೇಕು.

ಬೇರೆ ವಿಧಾನದಲ್ಲಿ ಮಾಡಿದರೆ? ಪ್ರಶ್ನೆಯಲ್ಲಿ ವಿಧಾನ ಹೇಳಿಲ್ಲದಿದ್ದರೆ ಅಪವರ್ತನವೂ ಸರಿ, ಸೂತ್ರವೂ ಸರಿ, ವರ್ಗ ಪೂರ್ಣಗೊಳಿಸುವುದೂ ಸರಿ. ಪೂರ್ಣ ಅಂಕ ಕೊಡಲೇಬೇಕು. ‘ನಾನು ಹೇಳಿಕೊಟ್ಟಂತೆ ಮಾಡಿಲ್ಲ’ ಎಂದು ಅಂಕ ಕಳೆಯುವುದು ಅನ್ಯಾಯ. ಪ್ರಶ್ನೆಯಲ್ಲೇ ‘ಸೂತ್ರ ಬಳಸಿ’ ಎಂದಿದ್ದರೆ ಮಾತ್ರ ಸೂತ್ರವೇ ಬೇಕು.

ಹೇಳಿಕೆ ಲೆಕ್ಕಗಳಲ್ಲಿ ಸೋರುವುದು ಇನ್ನೂ ಹೆಚ್ಚು. ಆಯತಾಕಾರದ ಹೊಲವೊಂದರ ಉದ್ದ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 40 ಚದರ ಮೀಟರ್, ಅಳತೆ ಕಂಡುಹಿಡಿಯಿರಿ ಎಂದಿಟ್ಟುಕೊಳ್ಳಿ. ‘ಅಗಲ ಎಕ್ಸ್ ಮೀಟರ್ ಆಗಿರಲಿ’ ಎಂಬ ಸಾಲಿಗೆ ಅರ್ಧ, ‘ಉದ್ದ ಎಕ್ಸ್ + 3’ ಎಂಬುದಕ್ಕೆ ಅರ್ಧ. ಎಕ್ಸ್² + 3ಎಕ್ಸ್ − 40 = 0 ಎಂಬ ಸಮೀಕರಣಕ್ಕೆ ಒಂದು. (ಎಕ್ಸ್ + 8)(ಎಕ್ಸ್ − 5) ಎಂದು ಅಪವರ್ತಿಸಿದ್ದಕ್ಕೆ ಒಂದು. ಎರಡು ಬೆಲೆಗೆ ಅರ್ಧ. −8 ಅನ್ನು ಕೈಬಿಟ್ಟು ‘ಅಗಲ 5 ಮೀ, ಉದ್ದ 8 ಮೀ’ ಎಂದು ಮುಗಿಸಿದ್ದಕ್ಕೆ ಕೊನೆಯ ಅರ್ಧ. ಒಟ್ಟು ನಾಲ್ಕು. −8 ಅನ್ನು ಬರೀ ಗೀಚಿ ಹಾಕಿದರೆ ಸಾಲದು. ‘ಅಗಲ ಋಣವಾಗಿರಲು ಸಾಧ್ಯವಿಲ್ಲ’ ಎಂಬ ಕಾರಣ ಬರೆಯಬೇಕು. ಮೊದಲ ಸಾಲನ್ನು ಬರೆಯದೆ ನೇರ ಸಮೀಕರಣಕ್ಕೆ ಹಾರುವುದು ತುಂಬಾ ಜನರ ಅಭ್ಯಾಸ. ಅರ್ಧ ಅಂಕ ಹೋಗುವುದು ಹಾಗಿರಲಿ, ಕೊನೆಗೆ ತನಗೆ ಸಿಕ್ಕಿದ್ದು ಉದ್ದವೋ ಅಗಲವೋ ಎಂಬುದೇ ಮಗುವಿಗೆ ಮರೆತುಹೋಗಿರುತ್ತದೆ. ವಯಸ್ಸಿನ ಲೆಕ್ಕಗಳಲ್ಲಿ ಇದರಿಂದಲೇ ಅಪ್ಪನ ವಯಸ್ಸು ಮಗನಿಗೆ ಬರುವುದು.

ನಕ್ಷೆಯ ಪ್ರಶ್ನೆ ಶ್ರಮಕ್ಕೆ ತಕ್ಕ ಫಲ ಖಚಿತವಾಗಿ ಸಿಗುವ ಜಾಗ. 2ಎಕ್ಸ್ + ವೈ = 8, ಎಕ್ಸ್ − ವೈ = 1 ಎಂಬ ಜೋಡಿಯನ್ನು ತೆಗೆದುಕೊಳ್ಳಿ. ಮೊದಲನೆಯದಕ್ಕೆ (0, 8), (4, 0), ಎರಡನೆಯದಕ್ಕೆ (0, −1), (1, 0). ರೇಖೆ ಎಳೆಯಲು ಎರಡು ಬಿಂದು ಸಾಕು, ಆದರೆ ಮೂರನೆಯದನ್ನೂ ಹಾಕಿಸಿ: ಎರಡೇ ಇದ್ದರೆ ಒಂದು ತಪ್ಪಾದರೂ ರೇಖೆ ನೆಟ್ಟಗೇ ಬರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೂರನೆಯದು ರೇಖೆಯಿಂದ ಆಚೆ ಬಿದ್ದರೆ ಕೋಷ್ಟಕಕ್ಕೆ ಹಿಂತಿರುಗಬೇಕೆಂದು ತಕ್ಷಣ ತಿಳಿಯುತ್ತದೆ. ಬಿಂದುಗಳ ನಡುವಿನ ತುಂಡನ್ನಷ್ಟೇ ಎಳೆದರೆ ಇಲ್ಲಿ ಎರಡನೆಯ ರೇಖೆ ಮೊದಲನೆಯದನ್ನು ಮುಟ್ಟುವುದೇ ಇಲ್ಲ. ಎರಡೂ ಕಡೆ ಮುಂದುವರಿಸಿದರೆ (3, 2)ರಲ್ಲಿ ಕೂಡುತ್ತವೆ. ಅಕ್ಷಗಳ ಹೆಸರು, ಪ್ರಮಾಣ, ರೇಖೆಯ ಮೇಲೆ ಅದರ ಸಮೀಕರಣ, ಇವು ನಕ್ಷೆಯ ಮೇಲೆಯೇ ಇರಬೇಕು. ಇನ್ನು ಛೇದನ ಬಿಂದುವಿಗೆ ಸುತ್ತು ಹಾಕಿ ಬಿಟ್ಟುಬಿಡುವವರು ಬಹಳ. ‘ಎಕ್ಸ್ = 3, ವೈ = 2’ ಎಂದು ಬರೆಯದಿದ್ದರೆ ಪ್ರಶ್ನೆಗೆ ಉತ್ತರ ಕೊಟ್ಟಂತಾಗಲಿಲ್ಲ.

ಇನ್ನು ಪದೇ ಪದೇ ಬರುವ ತಪ್ಪುಗಳು. ಎಕ್ಸ್² = 5ಎಕ್ಸ್ ಎಂದಿದ್ದಾಗ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ‘ಎಕ್ಸ್ = 5’ ಎಂದು ನಿಲ್ಲಿಸುವುದು. ಎಕ್ಸ್ ಸೊನ್ನೆ ಆಗಿರಬಹುದಾದ್ದರಿಂದ ಹಾಗೆ ಭಾಗಿಸುವಂತಿಲ್ಲ. ಎಲ್ಲವನ್ನೂ ಒಂದೇ ಕಡೆಗೆ ತಂದು ಅಪವರ್ತಿಸಿದರೆ 0 ಎಂಬ ಮೂಲವೂ ಸಿಗುತ್ತದೆ. 5 − (2ಎಕ್ಸ್ − 3) ಬಿಡಿಸುವಾಗ ಆವರಣದ ಮೊದಲ ಪದಕ್ಕೆ ಮಾತ್ರ ಚಿಹ್ನೆ ಬದಲಿಸುವುದು. ಎಕ್ಸ್/2 + 1 = ಎಕ್ಸ್/3 ಇದ್ದಾಗ 6ರಿಂದ ಗುಣಿಸುವಾಗ ನಡುವಿನ 1 ಅನ್ನು ಮರೆಯುವುದು. ಎಕ್ಸ್² = 16ಕ್ಕೆ 4 ಮಾತ್ರ ಬರೆದು −4 ಅನ್ನು ಬಿಡುವುದು. ಸೂತ್ರದಲ್ಲಿ ಭಾಗಿಸುವ ಗೆರೆಯನ್ನು ವರ್ಗಮೂಲದ ಕೆಳಗಷ್ಟೇ ಎಳೆದು −ಬಿ ಅನ್ನು ಹೊರಗೆ ನಿಲ್ಲಿಸುವುದು. ಸಮಾಂತರ ಶ್ರೇಢಿಯಲ್ಲಿ ಎನ್ − 1ರ ಬದಲು ಎನ್ ಬರೆಯುವುದು. ಸಮಚಿಹ್ನೆಯನ್ನು ‘ಆಮೇಲೆ’ ಎಂಬರ್ಥದಲ್ಲಿ ಬಳಸಿ 3 + 4 = 7 × 2 = 14 ಎಂದು ಒಂದೇ ಸಾಲಿನಲ್ಲಿ ಪೋಣಿಸುವುದು. ಕೊನೆಯದಕ್ಕೆ ಕೆಲವು ಶಿಕ್ಷಕರು ಅಂಕ ಕಳೆಯುವುದಿಲ್ಲ. ನಾವು ಎಂಟನೇ ತರಗತಿಯಿಂದಲೇ ಅರ್ಧ ಕಳೆಯುತ್ತೇವೆ. ಸಮಚಿಹ್ನೆ ಅಂದರೆ ಎರಡೂ ಬದಿ ಒಂದೇ ಎಂಬುದು ತಲೆಗೆ ಹೋಗದ ಮಗುವಿಗೆ ಪಕ್ಷಾಂತರ, ಅಂದರೆ ಪದವನ್ನು ಸಮಚಿಹ್ನೆಯ ಆಚೆ ಬದಿಗೆ ಒಯ್ಯುವುದು, ಎಂದಿಗೂ ಅರ್ಥವಾಗುವುದಿಲ್ಲ.

ಉತ್ತರ ಪತ್ರಿಕೆ ತಿದ್ದುವಾಗ ಬರೀ ಅಡ್ಡಗೆರೆ ಎಳೆದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ನಾಲ್ಕು ಗುರುತು ಸಾಕು: ಚಿಹ್ನೆಯ ತಪ್ಪಿಗೆ ‘ಚಿ’, ಕೂಡು-ಕಳೆ ಲೆಕ್ಕದ ತಪ್ಪಿಗೆ ‘ಲೆ’, ಬಿಟ್ಟ ಹಂತಕ್ಕೆ ‘ಹಂ’, ವಿಷಯವೇ ಗೊತ್ತಿಲ್ಲದ್ದಕ್ಕೆ ‘ಪ’, ಅಂದರೆ ಪರಿಕಲ್ಪನೆ. ಮಗುವಿನ ಪತ್ರಿಕೆಯಲ್ಲಿ ‘ಚಿ’ ಹೆಚ್ಚಿದ್ದರೆ ಅದಕ್ಕೆ ಬೇಕಿರುವುದು ತಾಳೆ ನೋಡುವ ಅಭ್ಯಾಸ, ಟ್ಯೂಷನ್ ಅಲ್ಲ. ಅರ್ಧ ತರಗತಿಗೆ ‘ಪ’ ಬಿದ್ದಿದ್ದರೆ ಆ ಪಾಠವನ್ನು ಮತ್ತೆ ಮಾಡಬೇಕಾದವರು ನಾವು.

ಆಂತರಿಕ 20 ಅಂಕಗಳ ಬಗ್ಗೆ ಮನಬಿಚ್ಚಿ ಹೇಳಲೇಬೇಕು. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ. ಪ್ರತಿಯೊಂದಕ್ಕೂ 50 ಅಂಕ: 15ರ ಎರಡು ಚಟುವಟಿಕೆ, 20ರ ಒಂದು ಕಿರು ಪರೀಕ್ಷೆ. ಒಟ್ಟು 200 ಅನ್ನು 20ಕ್ಕೆ ಇಳಿಸುತ್ತಾರೆ. 42, 38, 45, 41 ಬಂದ ಮಗುವಿಗೆ 166, ಅಂದರೆ 16.6. ಈ ಹಂಚಿಕೆಯನ್ನು ಇನ್ನೊಂದು ಬದಿಯಿಂದ ನೋಡಿದರೆ 20ರಲ್ಲಿ 8 ಅಂಕ ಕಿರು ಪರೀಕ್ಷೆಗಳಿಂದ, 12 ಅಂಕ ಚಟುವಟಿಕೆಗಳಿಂದ. ಚಟುವಟಿಕೆ ಎಂದರೆ ಸೂತ್ರಗಳನ್ನು ಬಣ್ಣದ ಚಾರ್ಟ್‌ನಲ್ಲಿ ಬರೆದು ತರುವುದು ಎಂದಾದರೆ ಆ 12 ಅಂಕ ಗಣಿತದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆಂತರಿಕದಲ್ಲಿ 19, ಲಿಖಿತದಲ್ಲಿ 24 ಬರುವ ಮಕ್ಕಳು ಹುಟ್ಟುವುದು ಇಲ್ಲೇ. ಆ 19 ನೋಡಿ ಮನೆಯವರು ವರ್ಷವಿಡೀ ನಿಶ್ಚಿಂತೆಯಿಂದ ಇದ್ದಿರುತ್ತಾರೆ, ಮಗು ಕೂಡ.

ಬದಲಿಗೆ ಮಾಡಬಹುದಾದ ಚಟುವಟಿಕೆಗಳು ಖರ್ಚಿಲ್ಲದವು. ತಪ್ಪುಗಳಿರುವ ಐದು ಬಿಡಿಸಿದ ಲೆಕ್ಕ ಕೊಟ್ಟು, ತಪ್ಪು ಯಾವ ಸಾಲಿನಲ್ಲಿದೆ, ಯಾಕೆ ತಪ್ಪು, ಸರಿ ಯಾವುದು ಎಂದು ಬರೆಸುವುದು: ಲೆಕ್ಕಕ್ಕೆ ಮೂರರಂತೆ ಹದಿನೈದು. ರಟ್ಟು ಕತ್ತರಿಸಿ (ಎ + ಬಿ)² ಚೌಕವನ್ನು ನಾಲ್ಕು ತುಂಡಾಗಿ ಜೋಡಿಸಿ, 2ಎಬಿ ಎಂಬುದು ಯಾವ ಎರಡು ತುಂಡು ಎಂದು ತೋರಿಸಿ ಹೇಳಿಸುವುದು. ಎ² + ಬಿ² ಎಂದು ಬರೆಯುವ ತಪ್ಪು ಇದರಿಂದ ಕಡಿಮೆಯಾಗುತ್ತದೆ. ಬೆಂಕಿಕಡ್ಡಿಯ ಚೌಕಗಳ ಸಾಲು ಕಟ್ಟಿಸಿ 4, 7, 10 ಎಂಬ ಶ್ರೇಢಿಯ ಎನ್‌ನೇ ಪದ 3ಎನ್ + 1 ಎಂದು ಮಕ್ಕಳಿಂದಲೇ ಹೇಳಿಸುವುದು. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಚಟುವಟಿಕೆಗೆ ಮುಂಚೆಯೇ ಹಲಗೆಯ ಮೇಲೆ ಬರೆದಿರಬೇಕು. ಅಂದಕ್ಕೆ, ಸ್ಕೆಚ್ ಪೆನ್ನಿಗೆ ಅಂಕವಿಲ್ಲ.

ಗೈರಾದ ಮಗುವಿಗೆ ಸೊನ್ನೆ ಹಾಕುವುದು ಇನ್ನೊಂದು ಕೆಟ್ಟ ರೂಢಿ. ನಾಲ್ಕು ಕಿರು ಪರೀಕ್ಷೆಯಲ್ಲಿ 15, 14, 16 ತೆಗೆದು ಒಂದಕ್ಕೆ ಜ್ವರದಿಂದ ಬಾರದ ಮಗುವಿನ ಸರಾಸರಿ ಸೊನ್ನೆ ಸೇರಿಸಿದರೆ 11.25. ಅದು ಆ ಮಗುವಿನ ಮಟ್ಟವಲ್ಲ. ದಾಖಲೆಯಲ್ಲಿ ‘ಗೈರು’ ಎಂದೇ ಬರೆದುಕೊಂಡು, ಅಂಕ ಸಲ್ಲಿಸುವ ಕೊನೆಯ ದಿನಾಂಕಕ್ಕೆ ಮುಂಚೆ ಬೇರೆ ಪ್ರಶ್ನೆಗಳ ಪರೀಕ್ಷೆ ಕೊಡಬೇಕು. ಕಡಿಮೆ ಅಂಕ ಬಂದವರಿಗೂ ತರಗತಿಯೊಳಗೆ ಒಂದು ಮರುಪರೀಕ್ಷೆ ಇರಲಿ. ಆದರೆ ಷರತ್ತು ಹಾಕಿ: ತಪ್ಪಾದ ಪ್ರತಿ ಲೆಕ್ಕವನ್ನು ಪೂರ್ತಿ ಬರೆದು, ಎಲ್ಲಿ ತಪ್ಪಿದೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆದು ತಂದವರಿಗೆ ಮಾತ್ರ. ಷರತ್ತಿಲ್ಲದಿದ್ದರೆ ಮೊದಲ ಪರೀಕ್ಷೆಗೆ ಯಾರೂ ಓದಿ ಬರುವುದಿಲ್ಲ.

ಹೋಂವರ್ಕ್ ದಿನಕ್ಕೆ ಐದು ಲೆಕ್ಕ, ಅರ್ಧ ಗಂಟೆ. ಮೂರು ಅಂದಿನ ಪಾಠದ್ದು, ಒಂದು ಹಿಂದಿನ ವಾರದ್ದು, ಒಂದು ಹಳೆಯ ಅಧ್ಯಾಯದ್ದು. ಇದಕ್ಕೆ ಅಂಕವಿಲ್ಲ, ಅಂಕ ಇಟ್ಟ ದಿನದಿಂದ ನಕಲು ಶುರುವಾಗುತ್ತದೆ. ಫೋನಿನಲ್ಲಿ ಚಿತ್ರ ತೆಗೆದರೆ ಹಂತಸಮೇತ ಬಿಡಿಸಿಕೊಡುವ ಆ್ಯಪ್‌ಗಳನ್ನು ತಡೆಯಲಾಗದು. ಹಾಗಾಗಿ ಮರುದಿನ ಅದೇ ಲೆಕ್ಕದ ಅಂಕಿ ಬದಲಿಸಿ ಐದು ನಿಮಿಷದಲ್ಲಿ ತರಗತಿಯಲ್ಲೇ ಮಾಡಿಸುತ್ತೇವೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲ, ಆದ್ದರಿಂದ 20ರವರೆಗೆ ಮಗ್ಗಿ, 30ರವರೆಗೆ ವರ್ಗ ಬಾಯಿಗೆ ಬರಬೇಕು. ಶೋಧಕ, ಅಂದರೆ ಬಿ² − 4ಎಸಿ, 529 ಬಂದಾಗ ಅದು 23ರ ವರ್ಗ ಎಂದು ಹೊಳೆಯದೆ ಎಷ್ಟೋ ಮಕ್ಕಳು ಸರಿಯಾದ ಲೆಕ್ಕವನ್ನು ಅರ್ಧಕ್ಕೆ ಬಿಡುತ್ತಾರೆ.

ಪೋಷಕರಿಗೆ ಎರಡು ಮಾತು. ಎಂಟನೇ ತರಗತಿಯ ಶ್ರೇಣಿಯನ್ನೂ ಎಸ್ಸೆಸ್ಸೆಲ್ಸಿ ಶ್ರೇಣಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ: ಅಲ್ಲಿ 70ರಿಂದ 89ರವರೆಗೆ ‘ಎ’, ಇಲ್ಲಿ ‘ಎ’ ಶುರುವಾಗುವುದೇ 80ರಿಂದ. 72 ತೆಗೆದ ಮಗುವಿಗೆ ಅಲ್ಲಿ ‘ಎ’, ಇಲ್ಲಿ ‘ಬಿ+’, ಮಗು ಹಿಂದೆ ಬಿದ್ದಿದೆ ಎಂದು ಅದರಿಂದ ಹೇಳಲಾಗದು. ಸಹಿಗೆ ಬಂದ ಉತ್ತರ ಪತ್ರಿಕೆಯಲ್ಲಿ ಮೇಲಿನ ಒಟ್ಟು ಅಂಕ ನೋಡುವ ಮುಂಚೆ ಒಳಗಿನ ಪುಟ ತಿರುಗಿಸಿ, ಖಾಲಿ ಬಿಟ್ಟ ಪ್ರಶ್ನೆ ಎಷ್ಟು, ಅರ್ಧಕ್ಕೆ ನಿಂತದ್ದು ಎಷ್ಟು ಎಂದು ಎಣಿಸಿ. ಅರ್ಧಕ್ಕೆ ನಿಂತವು ಹೆಚ್ಚಿದ್ದರೆ ಮಗು ದಾರಿಯಲ್ಲಿದೆ, ಅಭ್ಯಾಸ ಬೇಕು. ಖಾಲಿ ಬಿಟ್ಟವೇ ಹೆಚ್ಚಿದ್ದರೆ ಆ ವಾರವೇ ಶಾಲೆಗೆ ಬಂದು ಗಣಿತ ಶಿಕ್ಷಕರನ್ನು ಕಾಣಿ, ಪತ್ರಿಕೆಯನ್ನು ಜೊತೆಗೆ ತನ್ನಿ.